ನ್ಯುಮೋನಿಯಾದ ‘ಪಿ’ ಎಲ್ಲಿ ಹೋಯಿತು?

ತ್ವಷ್ಟೃವಿನ ಕಥೆ ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ತನ್ನ ಮಗ ವಿಶ್ವರೂಪನನ್ನು ಇಂದ್ರ ಕೊಂದನೆಂಬ ಸಿಟ್ಟಿನಲ್ಲಿ ಆತ ಒಂದು ಯಜ್ಞ ಮಾಡಿದ. ಇಂದ್ರನನ್ನು ಕೊಲ್ಲುವ ಮಗನೊಬ್ಬ ಹುಟ್ಟಿ ಬೆಳೆಯಲಿ ಎಂಬುದು ಅವನ ಸಂಕಲ್ಪ. ಮಂತ್ರದಲ್ಲಿ ‘ಇಂದ್ರಶತ್ರು’ ಎಂಬ ಒಂದು ಪದವಿತ್ತು. ಆ ಪದದ ಕೊನೆಯಲ್ಲಿ ಸ್ವರ ಏರಿಸಿದರೆ ‘ಇಂದ್ರನನ್ನು ಕೊಲ್ಲುವವನು’ ಎಂದು ಅರ್ಥ; ಮೊದಲಲ್ಲಿ ಏರಿಸಿದರೆ ‘ಇಂದ್ರನ ಕೈಯಲ್ಲಿ ಸಾಯುವವನು’ ಎಂದು ಅರ್ಥ. ಕೊನೆಯಲ್ಲಿ ಏರಬೇಕಾದ ಸ್ವರ ಮೊದಲಲ್ಲೇ ಏರಿತು. ವೃತ್ರ ಹುಟ್ಟಿದ, ಬೆಳೆದ, ಇಂದ್ರನ ಕೈಯಲ್ಲೇ ಸತ್ತ. ವ್ಯಾಕರಣವನ್ನು ಏಕೆ ಕಲಿಯಬೇಕು ಎಂದು ಹೇಳುವಾಗ ಪತಂಜಲಿ ತನ್ನ ಮಹಾಭಾಷ್ಯದಲ್ಲಿ ಈ ಕಥೆಯನ್ನೇ ನೆನಪಿಸುತ್ತಾನೆ.

ಇಲ್ಲಿ ಅಕ್ಷರ ಒಂದೂ ತಪ್ಪಿರಲಿಲ್ಲ. ತಪ್ಪಿದ್ದು ಸ್ವರ ಏರಿದ ಜಾಗ ಮಾತ್ರ. ಇದು ಪುರಾಣ ತಾನೇ ಎಂದು ತಳ್ಳಿಹಾಕುವ ಮುನ್ನ ಆಸ್ಪತ್ರೆಯೊಂದರ ರಾತ್ರಿ ಪಾಳಿಯನ್ನು ಕಲ್ಪಿಸಿಕೊಳ್ಳಿ. ವಾರ್ಡಿನಿಂದ ದಾದಿಯೊಬ್ಬರು ಮನೆಯಲ್ಲಿರುವ ವೈದ್ಯರಿಗೆ ಫೋನ್ ಮಾಡುತ್ತಾರೆ. ರೋಗಿಗೆ ‘ಹೈಪರ್‌ಟೆನ್ಷನ್’ ಎಂದರೋ, ‘ಹೈಪೊಟೆನ್ಷನ್’ ಎಂದರೋ? ಮೊದಲನೆಯದು ರಕ್ತದ ಒತ್ತಡ ಏರಿದ ಸ್ಥಿತಿ, ಎರಡನೆಯದು ಇಳಿದ ಸ್ಥಿತಿ. ಒಂದಕ್ಕೆ ಕೊಡುವ ಔಷಧ ಇನ್ನೊಂದಕ್ಕೆ ಅಪಾಯ. ವೈದ್ಯರು ಹೇಳಿದ ಪ್ರಮಾಣ ‘ಫಿಫ್ಟೀನ್’ ಎಂದು ಕೇಳಿಸಿತೋ, ‘ಫಿಫ್ಟಿ’ ಎಂದೋ? ಹದಿನೈದಕ್ಕೂ ಐವತ್ತಕ್ಕೂ ಮೂರು ಪಟ್ಟಿಗಿಂತ ಹೆಚ್ಚು ಅಂತರ.

ಇಂಗ್ಲಿಷ್ ಮನೆಮಾತಲ್ಲದ ವೈದ್ಯರು, ದಾದಿಯರು, ಔಷಧದಂಗಡಿಯವರು ಇಂಥ ಪದಗಳ ಮುಂದೆ ತಡವರಿಸುತ್ತಾರೆ. ತಡವರಿಸಿದ್ದಕ್ಕೆ ನಾಚುತ್ತಾರೆ. ನಾಚಿಕೊಂಡು ಅರ್ಧ ನುಂಗಿ ಅರ್ಧ ಗೊಣಗುತ್ತಾರೆ. ನಿಜವಾದ ಅಪಾಯ ಇರುವುದು ಈ ಗೊಣಗಿನಲ್ಲಿ. ಹಾಗಾದರೆ ಆ ನಾಚಿಕೆಗೆ ಆಧಾರವಿದೆಯೆ? ಈ ಪದಗಳ ಚರಿತ್ರೆಯನ್ನು ಸ್ವಲ್ಪ ಕೆದಕಿದರೆ ಇಲ್ಲವೆಂದೇ ಹೇಳಬೇಕಾಗುತ್ತದೆ. ಏಕೆಂದರೆ ಇವು ಇಂಗ್ಲಿಷರಿಗೂ ಮನೆಮಾತಿನ ಪದಗಳಲ್ಲ.

ಇಂಗ್ಲಿಷರಿಗೂ ಪರಭಾಷೆ

ಲಂಡನ್ನಿನ ವೈದ್ಯರ ಕಾಲೇಜನ್ನು 1518ರಲ್ಲಿ ಸ್ಥಾಪಿಸಿದ ಥಾಮಸ್ ಲಿನೇಕರ್ ಗ್ರೀಕ್ ವೈದ್ಯ ಗೇಲನ್ನನ ಗ್ರಂಥಗಳನ್ನು ಅನುವಾದಿಸಿದ ವಿದ್ವಾಂಸ. ಆತ ಅನುವಾದಿಸಿದ್ದು ಇಂಗ್ಲಿಷಿಗಲ್ಲ, ಲ್ಯಾಟಿನ್ನಿಗೆ. ರಕ್ತ ಪರಿಚಲನೆಯನ್ನು ವಿವರಿಸಿದ ವಿಲಿಯಂ ಹಾರ್ವೆ ಅಚ್ಚ ಇಂಗ್ಲಿಷಿನವನಾದರೂ 1628ರಲ್ಲಿ ಅವನ ಪುಸ್ತಕ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಲ್ಯಾಟಿನ್ ಭಾಷೆಯಲ್ಲಿ ಅಚ್ಚಾಯಿತು. ಅವನ ದೇಶದ ಜನರು ಅದನ್ನು ತಮ್ಮ ನುಡಿಯಲ್ಲಿ ಓದಲು 1653ರವರೆಗೆ ಕಾಯಬೇಕಾಯಿತು. ವೈದ್ಯರ ಕಾಲೇಜಿನ ಲ್ಯಾಟಿನ್ ಔಷಧಕೋಶವನ್ನು ನಿಕೊಲಸ್ ಕಲ್ಪೆಪರ್ 1649ರಲ್ಲಿ ಇಂಗ್ಲಿಷಿಗೆ ತಂದಾಗ ಕಾಲೇಜಿನವರು ಕೆಂಡವಾದರು. ಬಡವನಿಗೆ ತನ್ನ ಔಷಧ ಯಾವುದೆಂದು ತಿಳಿಯಬೇಕೆಂಬುದು ಕಲ್ಪೆಪರ್‌ನ ವಾದ. ಸಂಸ್ಕೃತ ಶ್ಲೋಕವನ್ನು ಬಲ್ಲವರು ಕೆಲವರು, ಅದರ ಕಷಾಯವನ್ನು ಕುಡಿಯುವವರು ಹಲವರು ಎಂಬ ನಮ್ಮ ಪರಿಸ್ಥಿತಿಗಿಂತ ಅದು ಹೆಚ್ಚು ಭಿನ್ನವಾಗಿರಲಿಲ್ಲ.

ಮುಂದೆ 19ನೆಯ ಶತಮಾನದಲ್ಲಿ ಹೊಸ ರೋಗಗಳು, ಹೊಸ ಉಪಕರಣಗಳು ಬಂದವು. ಅವಕ್ಕೆ ಹೆಸರಿಡುವಾಗಲೂ ಯೂರೋಪಿನ ವೈದ್ಯರು ಹುಡುಕಿದ್ದು ಗ್ರೀಕ್ ನಿಘಂಟನ್ನೇ. ಫ್ರಾನ್ಸಿನ ಲೆನೆಕ್ 1816ರಲ್ಲಿ ಎದೆಯ ಸದ್ದು ಕೇಳುವ ಕೊಳವೆ ಮಾಡಿ ಅದಕ್ಕೆ ‘ಸ್ಟೆತಸ್ಕೋಪ್’ ಎಂದು ಹೆಸರಿಟ್ಟ. ‘ಸ್ಟೆಥೊಸ್’ ಎಂದರೆ ಎದೆ. ಯಕೃತ್ತಿನ ಒಂದು ಕಾಯಿಲೆಯಲ್ಲಿ ಕಂಡ ಕಂದು ಹಳದಿ ಬಣ್ಣವನ್ನು ನೋಡಿ ‘ಸಿರೋಸಿಸ್’ ಎಂಬ ಪದ ಕೊಟ್ಟವನೂ ಅವನೇ. ಇನ್ನೊಬ್ಬ ಫ್ರೆಂಚ್ ವೈದ್ಯ ಬ್ರೆತೊನೊ 1826ರಲ್ಲಿ ಗಂಟಲಿನಲ್ಲಿ ತೊಗಲಿನಂಥ ಪೊರೆ ಕಟ್ಟುವ ರೋಗಕ್ಕೆ, ತೊಗಲು ಎಂಬರ್ಥದ ಗ್ರೀಕ್ ಪದದಿಂದ ‘ಡಿಫ್ತೀರಿಯಾ’ದ ಮೂಲರೂಪವನ್ನು ಕಟ್ಟಿದ. ಅಮೆರಿಕದ ಆಲಿವರ್ ವೆಂಡೆಲ್ ಹೋಮ್ಸ್ 1846ರಲ್ಲಿ ‘ಅನಸ್ತೀಸಿಯಾ’ ಎಂಬ ಪದವನ್ನು ಸೂಚಿಸಿದ. ಜರ್ಮನಿಯ ವಿರ್ಚೋ 1847ರಲ್ಲಿ ‘ಲ್ಯುಕೀಮಿಯಾ’ ಎಂಬ ಹೆಸರನ್ನು ಬಳಕೆಗೆ ತಂದ.

ಗಮನಿಸಬೇಕಾದ ಸಂಗತಿ ಎಂದರೆ ಇವು ಕಾಗದದ ಮೇಲೆ ಹುಟ್ಟಿದ ಪದಗಳು. ತಾಯಿಯ ಬಾಯಿಂದ ಮಗು ಕಲಿತು ತಲೆಮಾರಿನಿಂದ ತಲೆಮಾರಿಗೆ ಬಂದ ‘ಕೆಮ್ಮು’, ‘ನೆಗಡಿ’ಗಳಂಥವಲ್ಲ. ಹುಟ್ಟಿದ್ದು ಲೇಖನಿಯಲ್ಲಿ, ನಾಲಿಗೆಗೆ ಬಂದದ್ದು ಆಮೇಲೆ. ಬರೆದವನ ಮನಸ್ಸಿನಲ್ಲಿದ್ದ ಗ್ರೀಕ್ ಬೇರೆ, ಓದಿದವನ ನಾಲಿಗೆಯ ಇಂಗ್ಲಿಷ್ ಬೇರೆ. ತೊಡಕು ಅಲ್ಲಿಂದಲೇ ಶುರುವಾಯಿತು.

ಮೂಕ ಅಕ್ಷರಗಳು

‘ನ್ಯುಮೋನಿಯಾ’ ಎಂದು ಬರೆಯುವಾಗ ಇಂಗ್ಲಿಷಿನಲ್ಲಿ ಮೊದಲು ‘ಪಿ’ ಅಕ್ಷರ ಬರುತ್ತದೆ. ಶಾಲೆಯ ಹುಡುಗ ಅದನ್ನು ‘ಪ್ನ್ಯುಮೋನಿಯಾ’ ಎಂದು ಓದಿದರೆ ತರಗತಿ ನಗುತ್ತದೆ. ಆದರೆ ಪ್ರಾಚೀನ ಗ್ರೀಕರು ಆ ‘ಪ’ಕಾರವನ್ನು ಉಚ್ಚರಿಸುತ್ತಿದ್ದರು. ಇಂದಿಗೂ ಫ್ರೆಂಚರು, ಜರ್ಮನರು ಉಚ್ಚರಿಸುತ್ತಾರೆ. ಪದದ ಆರಂಭದಲ್ಲಿ ‘ಪ್ನ’, ‘ಪ್ಸ’ ಎಂಬ ಒತ್ತಕ್ಷರಗಳನ್ನು ಹೇಳಲು ಇಂಗ್ಲಿಷ್ ನಾಲಿಗೆ ಒಪ್ಪಲಿಲ್ಲ. ಅಕ್ಷರವನ್ನು ಅಳಿಸಲು ವಿದ್ವಾಂಸರ ಮನಸ್ಸು ಒಪ್ಪಲಿಲ್ಲ. ಹೀಗಾಗಿ ‘ಪಿ’ ಬರಹದಲ್ಲಿ ಉಳಿದು ಬಾಯಲ್ಲಿ ಮೂಕವಾಯಿತು. ‘ಸೈಕಿಯಾಟ್ರಿ’ಯ ಮೊದಲ ‘ಪಿ’ಯದೂ ಇದೇ ಕಥೆ. ಸ್ಕೂಲನ್ನು ‘ಇಸ್ಕೂಲು’ ಎನ್ನುವ, ಸ್ಟ್ರೆಚರನ್ನು ‘ಇಸ್ಟ್ರೆಚರು’ ಎನ್ನುವ ನಮ್ಮ ಹಳ್ಳಿಯ ಅಜ್ಜಿ ಮಾಡಿದ್ದನ್ನೇ ಇಂಗ್ಲೆಂಡಿನ ದೊಡ್ಡ ಡಾಕ್ಟರೂ ಮಾಡಿದ. ಅಜ್ಜಿ ಒಂದು ಸ್ವರ ಸೇರಿಸಿದಳು, ಡಾಕ್ಟರು ಒಂದು ವ್ಯಂಜನ ಬಿಟ್ಟ. ಅಷ್ಟೇ ವ್ಯತ್ಯಾಸ.

‘ಡಯೇರಿಯಾ’, ‘ಹೆಮರೇಜ್’ ಪದಗಳ ನಡುವೆ ಎರಡು ‘ಆರ್’ ಮತ್ತು ಒಂದು ‘ಎಚ್’ ಗುಂಪುಗೂಡಿ ನಿಂತಿರುವುದನ್ನು ಕಂಡು ಕಂಗಾಲಾಗದ ವಿದ್ಯಾರ್ಥಿಯಿಲ್ಲ. ಗ್ರೀಕರು ಪದದ ಆರಂಭದ ‘ರ’ಕಾರವನ್ನು ಉಸಿರು ಸೇರಿಸಿ ಹೇಳುತ್ತಿದ್ದರು. ಸಮಾಸವಾಗುವಾಗ ಆ ‘ರ’ ದ್ವಿತ್ವವಾಗುತ್ತಿತ್ತು. ರೋಮನ್ನರು ಅದನ್ನು ನಿಷ್ಠೆಯಿಂದ ತಮ್ಮ ಲಿಪಿಯಲ್ಲಿ ಬರೆದರು. ಇಂಗ್ಲಿಷರು ಬರಹವನ್ನು ಉಳಿಸಿಕೊಂಡು ಉಸಿರನ್ನು ಬಿಟ್ಟರು. ಹರಿಯುವಿಕೆ ಎಂಬರ್ಥದ ಒಂದು ಗ್ರೀಕ್ ಪದದ ಪಳೆಯುಳಿಕೆ ‘ಡಯೇರಿಯಾ’ದ ಈ ಮೂರು ಅಕ್ಷರಗಳಲ್ಲಿದೆ.

ಎಲ್ಲಕ್ಕಿಂತ ಸ್ವಾರಸ್ಯದ್ದು ಕ್ಷಯರೋಗದ ಹಳೆಯ ಇಂಗ್ಲಿಷ್ ಹೆಸರು. ‘ಪಿ, ಎಚ್, ಟಿ, ಎಚ್’ ಎಂದು ನಾಲ್ಕು ವ್ಯಂಜನಗಳಿಂದ ಆರಂಭವಾಗುವ ಈ ಪದವನ್ನು ಇಂಗ್ಲಿಷರೇ ಕೆಲವರು ‘ಥೈಸಿಸ್’ ಎಂದರು, ಕೆಲವರು ‘ಟೈಸಿಸ್’ ಎಂದರು. ಮೂಲ ಗ್ರೀಕ್‌ನಲ್ಲಿ ಅದು ‘ಫ್ಥಿಸಿಸ್’. ಅರ್ಥ ಸವೆಯುವುದು, ಕ್ಷೀಣಿಸುವುದು. ಇದರ ಧಾತುವೂ ಸಂಸ್ಕೃತದ ‘ಕ್ಷಿ’ ಧಾತುವೂ ಒಂದೇ ಬೇರಿನ ಎರಡು ಚಿಗುರುಗಳು ಎಂದು ತೌಲನಿಕ ಭಾಷಾಶಾಸ್ತ್ರ ಹೇಳುತ್ತದೆ. ಅಂದರೆ ನಮ್ಮ ‘ಕ್ಷಯ’ವೂ ಇಂಗ್ಲಿಷರು ತಡವರಿಸಿದ ಆ ಪದವೂ ದಾಯಾದಿಗಳು! ‘ಕ್ಷ’ವನ್ನು ಸಲೀಸಾಗಿ ಹೇಳುವ ನಮಗೆ ‘ಫ್ಥ’ ಕಷ್ಟ. ಅವರಿಗೆ ಎರಡೂ ಕಷ್ಟ.

‘ಅಸ್ತಮಾ’ ಎಂದು ನಮ್ಮವರು ಹೇಳಿದರೆ ತಿದ್ದುವವರಿದ್ದಾರೆ. ಬ್ರಿಟಿಷರು ನಡುವಿನ ವ್ಯಂಜನವನ್ನು ನುಂಗಿ ‘ಆಸ್ಮ’ ಎನ್ನುತ್ತಾರೆ, ಅಮೆರಿಕನ್ನರು ‘ಆಜ್ಮ’ ಎನ್ನುತ್ತಾರೆ. ಗ್ರೀಕರು ಹೇಳುತ್ತಿದ್ದುದು ಹೆಚ್ಚು ಕಡಿಮೆ ‘ಆಸ್ಥ್ಮ’ ಎಂದು. ಪ್ರಾಚೀನ ಗ್ರೀಕ್‌ನ ಮೂರು ಮಹಾಪ್ರಾಣಗಳು ನಮ್ಮ ಖ, ಥ, ಫ ಅಕ್ಷರಗಳ ಶುದ್ಧ ಉಚ್ಚಾರಣೆಗೆ ತೀರ ಹತ್ತಿರ. ಆ ಲೆಕ್ಕದಲ್ಲಿ ಗ್ರೀಕ್ ಮೂಲಕ್ಕೆ ಹತ್ತಿರವಿರುವುದು ನಮ್ಮ ‘ಅಸ್ತಮಾ’ವೇ. ಹಾಗೆಂದು ಲಂಡನ್ನಿನ ಆಸ್ಪತ್ರೆಯಲ್ಲಿ ನಿಂತು ಹಟ ಹಿಡಿದರೆ ಪ್ರಯೋಜನವಿಲ್ಲ. ಪಕ್ಕದಲ್ಲಿರುವ ಸಹೋದ್ಯೋಗಿಗೆ ತಕ್ಷಣ ತಿಳಿಯುವುದು ಮುಖ್ಯ. ಆದರೆ ತಪ್ಪು, ಸರಿ ಎಂಬ ಗೆರೆ ನಾವು ಎಣಿಸಿದಷ್ಟು ನೇರವಾಗಿಲ್ಲ ಎಂಬುದಂತೂ ಸ್ಪಷ್ಟ.

ಸ್ವರಗಳ ಪಲ್ಲಟ

ಸುಮಾರು 1400ರಿಂದ 1700ರವರೆಗೆ ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಜಾಗ ಬದಲಿಸಿದವು. ಡೆನ್ಮಾರ್ಕಿನ ಭಾಷಾಶಾಸ್ತ್ರಜ್ಞ ಆಟೊ ಯೆಸ್ಪರ್ಸನ್ ಇದಕ್ಕೆ ‘ಮಹಾ ಸ್ವರಪಲ್ಲಟ’ ಎಂಬ ಅರ್ಥದ ಹೆಸರಿಟ್ಟ. ‘ಈ’ ಎನ್ನುತ್ತಿದ್ದುದು ‘ಐ’ ಆಯಿತು. ಇಂಗ್ಲಿಷರು ಓದುತ್ತಿದ್ದ ಲ್ಯಾಟಿನ್ ಕೂಡ ಈ ಪಲ್ಲಟಕ್ಕೆ ಸಿಕ್ಕಿತು. ರೋಮನ್ನರ ‘ವೀರುಸ್’ ಹೀಗೆ ‘ವೈರಸ್’ ಆಯಿತು. ಇಟಲಿಯವರು ‘ಈಟೆ’ ಎಂದು ಮುಗಿಸುವ ಉರಿಯೂತಗಳ ಹೆಸರೆಲ್ಲ ಇಂಗ್ಲಿಷಿನಲ್ಲಿ ‘ಐಟಿಸ್’ ಎಂದಾದವು.

ಇಷ್ಟಾದರೂ ಇಂಗ್ಲಿಷರೊಳಗೇ ಏಕಾಭಿಪ್ರಾಯವಿಲ್ಲ. ಅಮೆರಿಕದವರು ‘ವೈಟಮಿನ್’ ಎಂದರೆ ಬ್ರಿಟನ್ನಿನವರು ‘ವಿಟಮಿನ್’ ಎನ್ನುತ್ತಾರೆ. ‘ಮೀಗ್ರೇನ್’, ‘ಮೈಗ್ರೇನ್’ ಎರಡೂ ನಡೆಯುತ್ತವೆ. ‘ಎಕ್ಸಿಮ’ ಎಂದು ಮೊದಲಲ್ಲಿ ಒತ್ತುವವರೂ, ‘ಇಗ್ಜೀಮ’ ಎಂದು ನಡುವೆ ಒತ್ತುವವರೂ ಇದ್ದಾರೆ. ಶಿಲೀಂಧ್ರಗಳಿಗೆ ‘ಫಂಜೈ’, ‘ಫಂಗೈ’ ಎಂಬ ಎರಡು ರೂಪಗಳು. ‘ಡಿಫ್ತೀರಿಯಾ’ವನ್ನು ‘ಡಿಪ್ತೀರಿಯಾ’ ಎನ್ನುವವರು ಇಂಗ್ಲಿಷರಲ್ಲೇ ಬೇಕಾದಷ್ಟು. ಸಣ್ಣ ಕರುಳಿನ ಕೊನೆಯ ಭಾಗಕ್ಕೂ ಸೊಂಟದ ಒಂದು ಮೂಳೆಗೂ ‘ಇಲಿಯಮ್’ ಎಂಬ ಒಂದೇ ಉಚ್ಚಾರಣೆ. ವ್ಯತ್ಯಾಸವಿರುವುದು ಬರಹದ ಒಂದು ಅಕ್ಷರದಲ್ಲಿ. ಎಷ್ಟೇ ಶುದ್ಧವಾಗಿ ಹೇಳಿದರೂ ಇಲ್ಲಿ ಉಚ್ಚಾರಣೆಯಿಂದ ಗೊಂದಲ ಹರಿಯದು. ಕರುಳೋ ಮೂಳೆಯೋ ಎಂದು ಸೇರಿಸಿ ಹೇಳಲೇಬೇಕು.

ಭಾರತಕ್ಕೆ ಬಂದ ದಾರಿ

ಈ ಪದಗಳು ನಮ್ಮ ದೇಶಕ್ಕೆ ಬಂದ ಬಗೆಯೂ ತೊಡಕನ್ನು ಹೆಚ್ಚಿಸಿತು. ಈಸ್ಟ್ ಇಂಡಿಯಾ ಕಂಪನಿ 1822ರಲ್ಲಿ ಕಲ್ಕತ್ತೆಯಲ್ಲಿ ಆರಂಭಿಸಿದ ವೈದ್ಯಶಾಲೆಯಲ್ಲಿ ಪಾಠ ನಡೆಯುತ್ತಿದ್ದುದು ದೇಶಭಾಷೆಯಲ್ಲಿ. ಅದರ ಮುಖ್ಯಸ್ಥನಾಗಿದ್ದ ಜಾನ್ ಟೈಟ್ಲರ್ ಭಾರತೀಯ ಭಾಷೆಗಳಲ್ಲೇ ವೈದ್ಯಕೀಯವನ್ನು ಕಲಿಸಬೇಕೆಂದು ವಾದಿಸಿದವನು. ಆ ವಾದ ಸೋತಿತು. 1835ರಲ್ಲಿ ಲಾರ್ಡ್ ಬೆಂಟಿಂಕನ ಆಡಳಿತ ಆ ಶಾಲೆಯನ್ನು ಮುಚ್ಚಿ, ಇಂಗ್ಲಿಷಿನಲ್ಲಿ ಕಲಿಸುವ ಕಲ್ಕತ್ತಾ ಮೆಡಿಕಲ್ ಕಾಲೇಜನ್ನು ತೆರೆಯಿತು. ಮದರಾಸಿನ ವೈದ್ಯಶಾಲೆ ಆರಂಭವಾದದ್ದೂ ಅದೇ ವರ್ಷ. ಹತ್ತು ವರ್ಷ ಕಳೆದು 1845ರಲ್ಲಿ ಕಲ್ಕತ್ತೆಯ ನಾಲ್ವರು ವಿದ್ಯಾರ್ಥಿಗಳು ಹೆಚ್ಚಿನ ಓದಿಗೆ ಹಡಗು ಹತ್ತಿ ಲಂಡನ್ನಿಗೆ ಹೋದರು. ಅವರಲ್ಲಿ ಸೂರ್ಯಕುಮಾರ ಚಕ್ರವರ್ತಿ 1855ರಲ್ಲಿ ಸ್ಪರ್ಧಾ ಪರೀಕ್ಷೆಯಲ್ಲಿ ಗೆದ್ದು ಕಂಪನಿಯ ವೈದ್ಯಸೇವೆಯನ್ನು ಸೇರಿದ.

ಬೇರೆ ದಾರಿಯ ಪ್ರಯತ್ನವೂ ನಡೆಯಿತು. ಹೈದರಾಬಾದಿನಲ್ಲಿ 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವನ್ನೇ ಬೋಧನಾ ಭಾಷೆ ಮಾಡಿಕೊಂಡು, ವೈದ್ಯಕೀಯವನ್ನೂ ಅದರಲ್ಲೇ ಕಲಿಸಿತು. ಸಂಸ್ಥಾನ 1948ರಲ್ಲಿ ಭಾರತದೊಡನೆ ವಿಲೀನವಾದ ಮೇಲೆ ಅಲ್ಲೂ ಪಾಠ ಇಂಗ್ಲಿಷಿಗೆ ತಿರುಗಿತು. ಒಂದು ಕಾಲಕ್ಕೆ ಅದೇ ಸಂಸ್ಥಾನದಲ್ಲಿದ್ದ ನಮ್ಮ ಕಲಬುರಗಿ, ರಾಯಚೂರು, ಬೀದರಿನ ಕಡೆ ‘ದವಾಖಾನೆ’ ಎಂಬ ಮಾತು ಇಂದಿಗೂ ಜೀವಂತ. ಮೈಸೂರು ಸಂಸ್ಥಾನದ ಮೆಡಿಕಲ್ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ 1930ರಲ್ಲಿ ಮೈಸೂರಿಗೆ ಹೋಯಿತು. ಅಲ್ಲಿ ಇಂಗ್ಲಿಷೇ ಪಾಠದ ಭಾಷೆ.

ಹೀಗೆ ಇಂಗ್ಲಿಷ್ ಬಂದಿತು. ಆದರೆ ಪುಸ್ತಕವಾಗಿ ಬಂದಿತು. ನಮ್ಮ ವಿದ್ಯಾರ್ಥಿ ‘ಎಪಿಡೀಮಿಯಾಲಜಿ’ಯನ್ನು ಕಿವಿಯಿಂದ ಕಲಿಯುವ ಮೊದಲೇ ಕಣ್ಣಿನಿಂದ ಕಲಿತ. ಬರೆದಂತೆ ಓದು, ಓದಿದಂತೆ ಬರೆ ಎಂಬುದು ಕನ್ನಡ ಲಿಪಿ ನಮಗೆ ಕಲಿಸಿದ ಅಭ್ಯಾಸ. ಇಂಗ್ಲಿಷ್ ಆ ಅಭ್ಯಾಸಕ್ಕೆ ಮೋಸ ಮಾಡುವ ಲಿಪಿ. ಕಾಲೇಜಿನ ಅಧ್ಯಾಪಕರೂ ಕಣ್ಣಿನಿಂದಲೇ ಕಲಿತವರಾದ್ದರಿಂದ ಅವರು ಹೇಳಿದ್ದೇ ಸರಿಯೆಂದು ವಿದ್ಯಾರ್ಥಿಗಳು ನಂಬಿದರು. ಇಡೀ ತರಗತಿ ಹಾಗೆಯೇ ಹೇಳುವುದರಿಂದ ಊರಲ್ಲಿರುವಷ್ಟು ದಿನ ಯಾರಿಗೂ ಅದು ತೊಡಕಾಗಲಿಲ್ಲ. ತೊಡಕು ಗೊತ್ತಾದದ್ದು ಊರು ಬಿಟ್ಟ ಮೇಲೆ.

ಲಘು, ಗುರು ಮತ್ತು ಒತ್ತು

ಕನ್ನಡದ ಕಿವಿಗೂ ಇಂಗ್ಲಿಷಿನ ಕಿವಿಗೂ ಇರುವ ಮುಖ್ಯ ವ್ಯತ್ಯಾಸವನ್ನು ಅರಿಯಲು ಶಾಲೆಯಲ್ಲಿ ಪ್ರಸ್ತಾರ ಹಾಕಿದ್ದನ್ನು ನೆನೆಸಿಕೊಂಡರೆ ಸಾಕು. ನಮ್ಮ ಛಂದಸ್ಸಿನಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಮಾತ್ರೆ. ಯಾವ ಅಕ್ಷರಕ್ಕೂ ಅದರ ಪಾಲು ತಪ್ಪುವುದಿಲ್ಲ. ಇಂಗ್ಲಿಷಿನಲ್ಲಿ ಹಾಗಲ್ಲ. ಪದದಲ್ಲಿ ಒಂದು ಭಾಗ ಯಜಮಾನ, ಒತ್ತೆಲ್ಲ ಅದಕ್ಕೆ. ಉಳಿದವು ಬಾಲ ಮುದುರಿ ‘ಅ’ ಎಂಬಂಥ ಅಸ್ಪಷ್ಟ ಸದ್ದಾಗುತ್ತವೆ. ಇಂಗ್ಲಿಷ್ ಮಾತಿನವನು ಪದವನ್ನು ಗುರುತಿಸುವಾಗ ಮೊದಲು ಹಿಡಿಯುವುದು ಈ ಯಜಮಾನ ಭಾಗವನ್ನು. ಅದು ಸ್ಥಾನ ತಪ್ಪಿದರೆ ಉಳಿದ ಸದ್ದೆಲ್ಲ ಸರಿಯಿದ್ದರೂ ಅವನಿಗೆ ಗೊಂದಲ. ತ್ವಷ್ಟೃವಿನ ಯಜ್ಞದಲ್ಲಿ ಏರಿಳಿದದ್ದು ಸ್ವರ, ಇಲ್ಲಿ ಏರಿಳಿಯುವುದು ಒತ್ತು; ಪಾಠ ಒಂದೇ.

ಭಾರತೀಯರ ಇಂಗ್ಲಿಷ್ ಬೇರೆಯವರಿಗೆ ಎಷ್ಟು ಅರ್ಥವಾಗುತ್ತದೆ ಎಂದು ಆರ್. ಕೆ. ಬನ್ಸಲ್ ಅವರು ಪರೀಕ್ಷಿಸಿ ನೋಡಿದರು. ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ 1969ರಲ್ಲಿ ಪ್ರಕಟಿಸಿದ ಅವರ ಅಧ್ಯಯನ, ಒತ್ತು ತಪ್ಪಿದ ಜಾಗದಲ್ಲಿ ಬೀಳುವುದು ಅರ್ಥವಾಗದಿರಲು ದೊಡ್ಡ ಕಾರಣಗಳಲ್ಲಿ ಒಂದೆಂದು ತೋರಿಸಿತು.

ಸಮಾಧಾನದ ಸಂಗತಿ ಏನೆಂದರೆ ವೈದ್ಯಕೀಯ ಪದಗಳಲ್ಲಿ ಒತ್ತಿಗೆ ಸಾಮಾನ್ಯವಾಗಿ ಒಂದು ಕ್ರಮವಿದೆ. ‘ಐಟಿಸ್’ ಎಂದು ಮುಗಿಯುವ ಪದಗಳಲ್ಲಿ ಒತ್ತು ‘ಐ’ ಮೇಲೆ: ಅಪೆಂಡಿಸೈಟಿಸ್, ಬ್ರಾಂಕೈಟಿಸ್. ‘ಓಸಿಸ್’ ಎಂದು ಮುಗಿದರೆ ‘ಓ’ ಮೇಲೆ: ಟ್ಯುಬರ್ಕ್ಯುಲೋಸಿಸ್, ಸಿರೋಸಿಸ್. ‘ಆಲಜಿ’ ಎಂದು ಮುಗಿದರೆ ಆ ‘ಆ’ ಮೇಲೆ: ಕಾರ್ಡಿಯಾಲಜಿ. ‘ಎಕ್ಟಮಿ’ ಎಂದು ಮುಗಿದರೆ ‘ಎಕ್’ ಮೇಲೆ. ‘ಇಕ್’ ಎಂದು ಮುಗಿದರೆ ಅದರ ಹಿಂದಿನ ಭಾಗದ ಮೇಲೆ. ‘ಡಯಬೀಟೀಸ್’ ಪದದಲ್ಲಿ ‘ಬೀ’ ಯಜಮಾನ. ನಾವು ಅದನ್ನು ಹ್ರಸ್ವ ಮಾಡಿ ‘ಡಯಬಿಟಿಸ್’ ಎಂದಾಗ ಯಜಮಾನನೇ ಮಾಯವಾಗುತ್ತಾನೆ. ಈ ಐದಾರು ಸೂತ್ರಗಳನ್ನು ಕಂಠಪಾಠ ಮಾಡಿದವನಿಗೆ ಸಾವಿರಾರು ಪದಗಳ ಬೀಗದ ಕೈ ಸಿಕ್ಕಂತೆ. ಸಂದೇಹ ಬಂದರೆ ನೋಡಲು ಡೇನಿಯಲ್ ಜೋನ್ಸ್ 1917ರಲ್ಲಿ ಹೊರತಂದ ಉಚ್ಚಾರಣಾ ನಿಘಂಟಿನ ಪರಂಪರೆಯ ಕೋಶಗಳಿವೆ. ಈಗಂತೂ ಕೈಯಲ್ಲಿರುವ ಫೋನೇ ಪದವನ್ನು ಹೇಳಿ ತೋರಿಸುತ್ತದೆ.

ನಮಗೆ ಕೆಲವು ಕೊರತೆಗಳಿವೆ ನಿಜ. ‘ಜ’ ಮತ್ತು ಇಂಗ್ಲಿಷಿನ ‘ಝೆಡ್’ ನಮ್ಮ ನಾಲಿಗೆಯಲ್ಲಿ ಒಂದೇ. ತುಟಿ ದುಂಡಗೆ ಮಾಡಿ ಹೇಳುವ ‘ವ’ಕ್ಕೂ ಕೆಳತುಟಿಗೆ ಹಲ್ಲು ತಾಗಿಸಿ ಹೇಳುವ ‘ವ’ಕ್ಕೂ ನಾವು ಭೇದ ಮಾಡುವುದಿಲ್ಲ. ಗ್ಲೂಕೋಸು ಕೆಲವರ ಬಾಯಲ್ಲಿ ‘ಗುಳುಕೋಸು’ ಆಗುತ್ತದೆ. ಆದರೆ ನಮಗೆ ಕೆಲವು ಅನುಕೂಲಗಳೂ ಇವೆ. ದಕ್ಷಿಣ ಇಂಗ್ಲೆಂಡಿನವರು ಪದಾಂತ್ಯದ ‘ರ್’ ಅನ್ನು ನುಂಗುವುದರಿಂದ ‘ಹೈಪರ್’ ಎಂಬುದು ಅವರ ಬಾಯಲ್ಲಿ ‘ಹೈಪ’ ಎಂದಾಗಿ ‘ಹೈಪೊ’ಗೆ ಅಪಾಯಕಾರಿಯಾಗಿ ಹತ್ತಿರ ಬರುತ್ತದೆ. ಒತ್ತು ‘ಟೆನ್’ ಮೇಲೆ ಬೀಳುವುದರಿಂದ, ಭೇದ ತೋರಿಸಬೇಕಾದ ಭಾಗವೇ ಸಪ್ಪೆಯಾಗುತ್ತದೆ. ‘ರ್’ ಅನ್ನು ತುಂಬು ನಾಲಿಗೆಯಿಂದ ಹೇಳುವ ಕನ್ನಡಿಗ ಇಲ್ಲಿ ಅವರಿಗಿಂತ ಸ್ಪಷ್ಟ! ನಮ್ಮ ಉಚ್ಚಾರಣೆಯ ಎಲ್ಲವನ್ನೂ ಕಳಚಿ ಎಸೆಯಬೇಕಿಲ್ಲ ಎನ್ನುವುದಕ್ಕೆ ಇದೊಂದೇ ಉದಾಹರಣೆ ಸಾಕು.

ಕಡಲಾಚೆಯ ಪರೀಕ್ಷೆ

ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ 1948ರ ಜುಲೈ 5ರಂದು ಆರಂಭವಾಯಿತು. ಮುಂದಿನ ದಶಕಗಳಲ್ಲಿ ಅದನ್ನು ನಡೆಸಲು ಹೋದವರಲ್ಲಿ ಭಾರತ, ಪಾಕಿಸ್ತಾನ, ಶ್ರೀಲಂಕಾಗಳ ವೈದ್ಯರು ಬಹಳ ಮಂದಿ. ನಮ್ಮ ಕರಾವಳಿಯ, ಬಯಲುಸೀಮೆಯ ವೈದ್ಯರೂ ದಾದಿಯರೂ ಅವರಲ್ಲಿದ್ದರು. ಸ್ಥಳೀಯ ವೈದ್ಯರು ಒಲ್ಲದ ಊರುಗಳಲ್ಲಿ, ಒಲ್ಲದ ವಿಭಾಗಗಳಲ್ಲಿ ಅವರು ದುಡಿದರು. ಸಾಲದ್ದಕ್ಕೆ ಆ ಊರುಗಳ ಗಣಿ ಕಾರ್ಮಿಕರ ಇಂಗ್ಲಿಷ್ ಪುಸ್ತಕದ ಇಂಗ್ಲಿಷಿಗಿಂತ ತೀರ ಬೇರೆ. ವೈದ್ಯರ ಮಾತು ರೋಗಿಗೆ ತಿಳಿಯದಿದ್ದಂತೆ ರೋಗಿಯ ಮಾತೂ ವೈದ್ಯರಿಗೆ ತಿಳಿಯದು.

ಅಲ್ಲಿನ ಜನರಲ್ ಮೆಡಿಕಲ್ ಕೌನ್ಸಿಲ್ 1975ರಲ್ಲಿ ಹೊರದೇಶದ ವೈದ್ಯರಿಗೆ ವೃತ್ತಿಜ್ಞಾನ ಮತ್ತು ಇಂಗ್ಲಿಷ್ ಎರಡರಲ್ಲೂ ಪರೀಕ್ಷೆಯನ್ನು ತಂದಿತು. ಮುಂದೆ ಅದೇ ‘ಪ್ಲಾಬ್’ ಎಂದು ಹೆಸರಾಯಿತು. ರೋಗಿಯ ಹಿತಕ್ಕೆ ಇಂಥದೊಂದು ಪರೀಕ್ಷೆ ಬೇಕೆಂಬುದನ್ನು ಅಲ್ಲಗಳೆಯಲಾಗದು. ಆದರೆ ಯೂರೋಪ್ ಒಕ್ಕೂಟದ ದೇಶಗಳಿಂದ ಬರುವ ವೈದ್ಯರ ಇಂಗ್ಲಿಷನ್ನು ಪರೀಕ್ಷಿಸುವ ಅಧಿಕಾರ ಅದೇ ಕೌನ್ಸಿಲ್ಲಿಗೆ ದೊರೆತದ್ದು 2014ರಲ್ಲಿ. ಅಲ್ಲಿಯವರೆಗೆ ಮೈಸೂರಿನಲ್ಲಿ ಇಂಗ್ಲಿಷಿನಲ್ಲೇ ಓದಿದವರಿಗೆ ಪರೀಕ್ಷೆ ಇತ್ತು, ಯೂರೋಪಿನಲ್ಲಿ ಬೇರೆ ಭಾಷೆಯಲ್ಲಿ ಓದಿದವರಿಗೆ ಇರಲಿಲ್ಲ. ಉಚ್ಚಾರಣೆಯ ಬಗ್ಗೆ ನಮ್ಮವರಿಗಿರುವ ಅಳುಕಿನ ಒಂದು ಬೇರು ಈ ಚರಿತ್ರೆಯಲ್ಲೂ ಇದೆ.

ಈಚಿನ ಪರೀಕ್ಷೆಗಳ ದೃಷ್ಟಿ ಬದಲಾಗಿದೆ. ಆಸ್ಟ್ರೇಲಿಯಾದಲ್ಲಿ 1980ರ ದಶಕದಲ್ಲಿ ರೂಪುಗೊಂಡ, ಆರೋಗ್ಯ ವೃತ್ತಿಗಳವರಿಗಾಗಿಯೇ ಇರುವ ‘ಓ.ಇ.ಟಿ.’ ಪರೀಕ್ಷೆಯನ್ನು ಬ್ರಿಟನ್ನಿನ ದಾದಿಯರ ಮಂಡಲಿ 2017ರಲ್ಲೂ ವೈದ್ಯರ ಮಂಡಲಿ 2018ರಲ್ಲೂ ಒಪ್ಪಿಕೊಂಡವು. ಅದರ ಮಾತಿನ ಪರೀಕ್ಷೆಯಲ್ಲಿ ಅಳೆಯುವ ಗುಣಗಳಲ್ಲಿ ಒಂದು ‘ಕೇಳುವವನಿಗೆ ಅರ್ಥವಾಗುವುದು’. ರಾಣಿಯ ಇಂಗ್ಲಿಷಿನಂತೆ ಮಾತಾಡಬೇಕೆಂಬ ಷರತ್ತು ಅಲ್ಲಿಲ್ಲ. ಊರಿನ ಸೊಗಡು ಇರಲಿ, ಸಂದೇಹ ಬೇಡ ಎಂಬುದೇ ಅಳತೆ.

ಹೆಸರನ್ನೇ ತಿದ್ದಿದಾಗ

ನಾಲಿಗೆಯನ್ನು ತಿದ್ದುವುದರ ಜೊತೆಗೆ ಪದವನ್ನೂ ತಿದ್ದಬಹುದಲ್ಲ? ವಿಶ್ವ ಆರೋಗ್ಯ ಸಂಸ್ಥೆ ಈ ದಿಕ್ಕಿನಲ್ಲಿ ಯೋಚಿಸಿತು. ಔಷಧಗಳಿಗೆ ಎಲ್ಲ ದೇಶಗಳಲ್ಲೂ ಒಂದೇ ಹೆಸರಿರಬೇಕೆಂದು 1950ರಲ್ಲಿ ನಿರ್ಣಯಿಸಿ, 1953ರಲ್ಲಿ ಮೊದಲ ಪಟ್ಟಿಯನ್ನು ಹೊರಡಿಸಿತು. ಅದರ ನಿಯಮಗಳನ್ನು ಓದಿದರೆ ಸಂತೋಷವಾಗುತ್ತದೆ. ‘ಪಿ, ಎಚ್’ ಜೋಡಿಯ ಬದಲು ‘ಎಫ್’ ಬರೆಯಿರಿ. ‘ಟಿ, ಎಚ್’ ಬದಲು ಬರಿಯ ‘ಟಿ’. ‘ಓ, ಇ’ ಬದಲು ಬರಿಯ ‘ಇ’. ‘ವೈ’ ಬದಲು ‘ಐ’. ‘ಎಚ್’ ಮತ್ತು ‘ಕೆ’ ಅಕ್ಷರಗಳನ್ನು ಆದಷ್ಟು ದೂರವಿಡಿ! ಎರಡು ಸಾವಿರ ವರ್ಷಗಳ ಗ್ರೀಕ್ ಗಂಟುಗಳನ್ನು ಒಂದೊಂದಾಗಿ ಬಿಚ್ಚುವ ಕೆಲಸವಿದು. ‘ಸೆಫಲೆಕ್ಸಿನ್’ ಮಾತ್ರೆಯ ಹೆಸರನ್ನು ಆ ಪಟ್ಟಿಯಲ್ಲಿ ‘ಎಫ್’ ಅಕ್ಷರದಿಂದ ಬರೆಯುವುದು ಈ ನಿಯಮದ ಫಲ.

ವ್ಯಾಪಾರಿ ಹೆಸರುಗಳ ಗೊಂದಲ ಇನ್ನೊಂದು ಬಗೆಯದು. ಹೊಟ್ಟೆಯ ಆಮ್ಲಕ್ಕೆ ಕೊಡುವ ‘ಲೋಸೆಕ್’ ಎಂಬ ಔಷಧ ಅಮೆರಿಕದಲ್ಲಿ, ಮೂತ್ರ ಹೆಚ್ಚಿಸುವ ‘ಲೇಸಿಕ್ಸ್’ನೊಡನೆ ಗೊಂದಲವಾಗುತ್ತದೆಂದು 1990ರಲ್ಲಿ ‘ಪ್ರೈಲೋಸೆಕ್’ ಎಂದು ಹೆಸರು ಬದಲಿಸಿಕೊಂಡಿತು. ಆ ಗೊಂದಲವಾದದ್ದು ಇಂಗ್ಲಿಷೇ ಮನೆಮಾತಾದ ನಾಡಿನಲ್ಲಿ ಎಂಬುದನ್ನು ಮರೆಯಬಾರದು. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ರೋಗಿಯ ಸುರಕ್ಷತೆಗೆ ಒಂಬತ್ತು ಪರಿಹಾರಗಳನ್ನು ಪ್ರಕಟಿಸಿದಾಗ ಮೊದಲನೆಯದೇ, ನೋಡಲು ಮತ್ತು ಕೇಳಲು ಒಂದೇ ತೆರನಾದ ಔಷಧದ ಹೆಸರುಗಳ ಬಗ್ಗೆ.

ಅಮೆರಿಕದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಸಂಸ್ಥೆ 2003ರಿಂದ ಒಂದು ಸರಳ ನಿಯಮವನ್ನು ಕಡ್ಡಾಯ ಮಾಡಿತು. ಬಾಯಿಮಾತಿನಲ್ಲಿ ಅಥವಾ ಫೋನಿನಲ್ಲಿ ಬಂದ ಆದೇಶವನ್ನು ಕೇಳಿಸಿಕೊಂಡವರು ಬರೆದುಕೊಂಡು, ಬರೆದದ್ದನ್ನು ಮರಳಿ ಓದಿ ಹೇಳಬೇಕು, ಹೇಳಿದವರು ಹೌದೆನ್ನಬೇಕು. ಸಂಖ್ಯೆಯನ್ನು ಬಿಡಿಸಿ ಹೇಳುವುದೂ ಹೀಗೆಯೇ ರೂಢಿಗೆ ಬಂದಿದೆ: ‘ಫಿಫ್ಟೀನ್’ ಎಂದ ಮೇಲೆ ‘ಒನ್, ಫೈವ್’. ಹೆಸರಿನ ಅಕ್ಷರಗಳನ್ನು ಬಿಡಿಸಲು ವಿಮಾನದವರ ‘ಆಲ್ಫಾ, ಬ್ರಾವೊ’ ಪಟ್ಟಿ 1956ರಿಂದ ಇದೆ. ‘ಎಂ ಫಾರ್ ಮೈಸೂರು’ ಎಂಬ ನಮ್ಮ ಪದ್ಧತಿಯೂ ಅದೇ ಕೆಲಸ ಮಾಡುತ್ತದೆ. ಪಾಠ ಒಪ್ಪಿಸುವುದು, ಒಪ್ಪಿಸಿದ್ದನ್ನು ಗುರು ಕೇಳಿ ತಿದ್ದುವುದು ನಮ್ಮ ಸಂಪ್ರದಾಯಕ್ಕೆ ಹೊಸದೇನೂ ಅಲ್ಲ. ಪದಪಾಠ, ಕ್ರಮಪಾಠ ಎಂದು ಒಂದೊಂದು ಪದವನ್ನೂ ಬಿಡಿಸಿ, ಜೋಡಿಸಿ ಹೇಳಿ ವೇದವನ್ನು ಕಾಪಾಡಿದ್ದು ಈ ಉಪಾಯದಿಂದಲೇ.

ಕ್ಯಾಸನೂರಿನ ಕಡೆಯಿಂದ

ಒಮ್ಮೆ ದುರ್ಬೀನನ್ನು ತಿರುಗಿಸಿ ನೋಡೋಣ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕಾಡೊಂದರಲ್ಲಿ 1957ರಲ್ಲಿ ಮಂಗಗಳು ಸತ್ತು, ಮನುಷ್ಯರಿಗೂ ಜ್ವರ ಬಂದು, ಹೊಸ ರೋಗವೊಂದು ಪತ್ತೆಯಾಯಿತು. ನಮಗದು ಮಂಗನ ಕಾಯಿಲೆ. ಜಗತ್ತಿನ ವೈದ್ಯಗ್ರಂಥಗಳಲ್ಲಿ ಅದು ‘ಕ್ಯಾಸನೂರು ಕಾಡಿನ ರೋಗ’. ಪರದೇಶದ ತಜ್ಞರೊಬ್ಬರು ‘ಕ್ಯಾಸನೂರು’ ಎಂಬಲ್ಲಿ ತಡವರಿಸಿದರೆ ನಾವು ಅವರ ವಿದ್ಯೆಯನ್ನು ಶಂಕಿಸುವುದಿಲ್ಲ. ಒಮ್ಮೆ ನಿಧಾನವಾಗಿ ಹೇಳಿಕೊಡುತ್ತೇವೆ, ಅಷ್ಟೆ. ಅದೇ ಸೌಜನ್ಯವನ್ನು ನಮ್ಮ ದಾದಿಯರಿಗೂ ತೋರಿಸಬೇಡವೆ? ಮೊದಲಿಗೆ ಅವರೇ ತಮಗೆ ತಾವು ತೋರಿಸಿಕೊಳ್ಳಬೇಡವೆ?

ಸ್ಪಷ್ಟತೆಯ ಹೊಣೆ ರೋಗಿಯ ಕಡೆಗೂ ಇದೆ. 2006ರಲ್ಲಿ ಕರ್ನಾಟಕದಲ್ಲಿ ‘ಚಿಕುನ್‌ಗುನ್ಯಾ’ ಹಬ್ಬಿದಾಗ ಅದು ಬಹಳ ಮಂದಿಯ ಬಾಯಲ್ಲಿ ‘ಚಿಕನ್ ಗುನ್ಯಾ’ ಆಯಿತು. ಕೋಳಿಗೂ ಇದಕ್ಕೂ ನಂಟಿರಬಹುದೆಂದು ಹೆದರಿದವರೂ ಇದ್ದರು. ಆಫ್ರಿಕದ ಮಕೊಂಡೆ ಭಾಷೆಯ ಆ ಪದಕ್ಕೆ ಬಾಗಿಸುವಂಥದು ಎಂಬರ್ಥ. ಕೀಲುನೋವಿನಿಂದ ರೋಗಿ ಬಗ್ಗಿಹೋಗುವುದರಿಂದ ಆ ಹೆಸರು. ಹೆಸರನ್ನು ಬಿಡಿಸಿ ಹೇಳಿ, ಇದು ಸೊಳ್ಳೆಯಿಂದ ಬರುವುದು ಎಂದು ಸೇರಿಸಿದ್ದರೆ ಕೋಳಿಯ ಮೇಲಿನ ಅಪವಾದ ತಪ್ಪುತ್ತಿತ್ತು. ಡೆಂಗಿ, ಡೆಂಗೆ, ಡೆಂಗ್ಯೂ ಎಂದು ಪತ್ರಿಕೆಗಳೇ ಇನ್ನೂ ಮೂರು ಬಗೆಯಾಗಿ ಬರೆಯುತ್ತಿವೆ. ಕೊರೋನಾ ವೈರಸ್ಸಿನ ಹೊಸ ರೂಪಗಳಿಗೆ ಸುಲಭವಾಗಿ ಹೇಳಬಹುದಾದ ಹೆಸರು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಗ್ರೀಕ್ ಅಕ್ಷರಗಳನ್ನೇ ಆರಿಸಿತು. ಅದರಲ್ಲೂ ‘ನ್ಯೂ’ ಎಂಬ ಅಕ್ಷರವನ್ನು ಬಿಟ್ಟಿತು. ಇಂಗ್ಲಿಷಿನಲ್ಲಿ ಅದು ‘ಹೊಸ’ ಎಂದು ಕೇಳಿಸೀತು ಎಂಬುದು ಕಾರಣ.

ಗ್ರೀಕರ ಬಾಯಿಂದ ರೋಮಿಗೆ, ರೋಮಿನಿಂದ ಲಂಡನ್ನಿಗೆ, ಲಂಡನ್ನಿನಿಂದ ಕಲ್ಕತ್ತೆಗೆ, ಮೈಸೂರಿಗೆ ಬಂದ ಈ ಪದಗಳನ್ನು ದಾರಿಯುದ್ದಕ್ಕೂ ಎಲ್ಲರೂ ತಮ್ಮ ನಾಲಿಗೆಗೆ ತಕ್ಕಂತೆ ಬಾಗಿಸಿದ್ದಾರೆ. ನಮ್ಮ ‘ಆಸ್ಪತ್ರೆ’ ಎಂಬ ಪದವೇ ಹಾಗೆ ಬಾಗಿ ಬಂದದ್ದು. ಇಂದು ಅದು ಪರಭಾಷೆಯದೆಂದು ಯಾರಿಗೂ ಅನಿಸುವುದಿಲ್ಲ. ಆದ್ದರಿಂದ ರಾತ್ರಿ ಪಾಳಿಯಲ್ಲಿ ಫೋನ್ ಹಿಡಿದ ದಾದಿ ನಾಚಿ ಗೊಣಗುವ ಅಗತ್ಯವಿಲ್ಲ. ಪದವನ್ನು ಬಿಡಿಸಿ, ಒತ್ತಬೇಕಾದಲ್ಲಿ ಒತ್ತಿ, ನಿಧಾನವಾಗಿ ಹೇಳಲಿ, ‘ಬಿ.ಪಿ. ಇಳಿದಿದೆ’ ಎಂದು ಜೊತೆಗೆ ಸೇರಿಸಲಿ. ಆ ಕಡೆಯಿಂದ ಬಂದ ಮಾತು ಸ್ಪಷ್ಟವಾಗದಿದ್ದರೆ ‘ಇನ್ನೊಮ್ಮೆ ಹೇಳಿ ಸಾರ್’ ಎಂದು ಕೇಳಲಿ. ಕೇಳಿಸಿಕೊಂಡವರು ಬೇಸರಿಸದೆ ಇನ್ನೊಮ್ಮೆ ಹೇಳಲಿ.